ಸಂಘದ ಕಂಪ್ಯೂಟರಿಗೆ ಬೇಲಿ, ಬೇಲಿಗೊಂದು ಉಣುಗೋಲು

ಸಂಘದ ಕಚೇರಿಯ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಇರಬೇಕೇ, ಇದ್ದರೆ ಯಾರಿಗೆ ಎಷ್ಟು ಇರಬೇಕು ಎಂಬ ಪ್ರಶ್ನೆ ಈಗ ನಮ್ಮ ಕಡೆಯ ಹಲವು ಸಹಕಾರ ಸಂಘಗಳ ಆಡಳಿತ ಮಂಡಳಿಗಳ ಮುಂದೆ ಬಂದಿದೆ. ನಮ್ಮ ಸಂಘದ ಸಭೆಯಲ್ಲೂ ಅದು ಎರಡು ಬಾರಿ ಚರ್ಚೆಗೆ ಬಂದು, ಎರಡು ಬಾರಿಯೂ ಬಿಸಿಯೇರಿ, ಕಾಫಿ ಕುಡಿದ ಮೇಲೆ ಮುಂದಿನ ಸಭೆಗೆ ಹೋಯಿತು. ಅಡಿಕೆ ಸುಗ್ಗಿಯಲ್ಲಿ ಮೂಟೆ ಇಳಿಸಿ ಸದಸ್ಯರು ಸಾಲು ನಿಂತಿರುವಾಗ ಒಳಗೆ ಕ್ರಿಕೆಟ್ ನಡೆಯುತ್ತಿರುತ್ತದೆ, ಸಂಘದ ದುಡ್ಡಿನಲ್ಲಿ ಇದೇನು ಚಂದ, ಕಿತ್ತು ಹಾಕಿ ಎಂಬುದು ಒಂದು ಪಕ್ಷದವರ ವಾದ. ಇಂಟರ್ನೆಟ್ ಇಲ್ಲದೆ ಈಗ ಒಂದು ರಶೀದಿ ಹುಟ್ಟುವುದಿಲ್ಲ, ನೌಕರರನ್ನು ಕಳ್ಳರಂತೆ ಕಾಣಬೇಡಿ ಎಂಬುದು ಇನ್ನೊಂದು ಪಕ್ಷದವರ ವಾದ.

ಎರಡು ಮಾತಿನಲ್ಲೂ ಹುರುಳಿದೆ. ಆದರೆ ಎರಡೂ ವಿಷಯದ ಬುಡವನ್ನು ಮುಟ್ಟುವುದಿಲ್ಲವೆಂದು ನಮಗೆ ತೋರುತ್ತದೆ. ನಾಲ್ಕು ಜನ ಸರದಿಯಲ್ಲಿ ಕೂರುವ ಕಂಪ್ಯೂಟರಿಗೆ ಕಟ್ಟುಪಾಡು ಬೇಕೇ ಬೇಕು. ಅದು ಬೇಕಾಗಿರುವುದು ಸದಸ್ಯರ ಹಣದ ಭದ್ರತೆಗಾಗಿ, ಅಷ್ಟೇ ಮಟ್ಟಿಗೆ ಅದರ ಮುಂದೆ ಕುಳಿತು ದುಡಿಯುವ ಕಿರಿಯ ಗುಮಾಸ್ತನ ಅಥವಾ ಗುಮಾಸ್ತೆಯ ರಕ್ಷಣೆಗಾಗಿ. ಈ ಎರಡನೆಯ ಕಾರಣವನ್ನು ನಮ್ಮ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲವಾದ್ದರಿಂದ ಈ ಲೇಖನ.

ಕಿತ್ತು ಹಾಕುವುದು ಏಕೆ ಆಗದು

ಒಂದು ಕಾಲದಲ್ಲಿ ಸಂಘದ ಲೆಕ್ಕವೆಲ್ಲ ಖಾತೆ ಪುಸ್ತಕದಲ್ಲಿತ್ತು. ಸಂಜೆ ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಕಾರ್ಯದರ್ಶಿಯವರು ಜೇಬಿಗಿಳಿಸಿ ಮನೆಗೆ ಹೋದರೆ ಲೆಕ್ಕ ಭದ್ರ. ಆಮೇಲೆ ಬಂದ ಕಂಪ್ಯೂಟರ್ ಹಲವು ವರ್ಷ ಟೈಪ್‌ರೈಟರಿನ ತಮ್ಮನಂತೆ ಮೂಲೆಯಲ್ಲಿ ಕುಳಿತಿತ್ತು. ಈಗ ಹಾಗಿಲ್ಲ. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರು ಮಾಡಿತು. ಅದರ ತಂತ್ರಾಂಶ ನಡೆಯುವುದೇ ಇಂಟರ್ನೆಟ್ ಮೇಲೆ. ಪತ್ತಿನ ವ್ಯವಹಾರವಿಲ್ಲದ ಮಾರಾಟ ಸಂಘಗಳಿಗೂ ಬೇರೆ ದಾರಿಯಿಲ್ಲ. ಒಣ ಅಡಿಕೆಯ ಜಿಎಸ್‌ಟಿ ಲೆಕ್ಕ, ಲಾರಿ ಹೊರಡುವ ಮೊದಲು ಇ-ವೇ ಬಿಲ್ಲು, ಸದಸ್ಯರ ಖಾತೆಗೆ ನೆಫ್ಟ್ ಮೂಲಕ ಹಣ, ಬೆಳೆ ವಿಮೆಗೆ ರಾಜ್ಯ ಸರ್ಕಾರದ ‘ಸಂರಕ್ಷಣೆ’, ರೈತರ ನೋಂದಣಿಗೆ ‘ಫ್ರೂಟ್ಸ್’, ಪಹಣಿಗೆ ‘ಭೂಮಿ’ — ಇವಿಷ್ಟೂ ಒಂದೇ ಮೇಜಿನ ಮೇಲಿನ ಒಂದೇ ಯಂತ್ರದಿಂದ ಆಗಬೇಕು. ಇದರ ಜತೆಗೆ ಕಾಫಿ ದರ ಎಷ್ಟಾಯಿತು, ನಾಳೆ ಮಳೆಯುಂಟೇ, ಅಡಿಕೆ ಕಣಕ್ಕೆ ಹಾಕಬಹುದೇ ಎಂದು ವಿಚಾರಿಸಲು ಬರುವ ಸದಸ್ಯರು. ತಾರು ಕಿತ್ತರೆ ಮೊದಲು ತೊಂದರೆಗೆ ಸಿಕ್ಕುವವರು ನಾವೇ.

ಆದುದರಿಂದ ಪ್ರಶ್ನೆ ಇಂಟರ್ನೆಟ್ ಇರಬೇಕೋ ಬೇಡವೋ ಎಂಬುದಲ್ಲ. ಈ ಯಂತ್ರದಿಂದ ಎಲ್ಲೆಲ್ಲಿಗೆ ಹೋಗಬಹುದು, ಹೋದವರು ಯಾರೆಂದು ಗೊತ್ತಾಗುತ್ತದೆಯೇ ಎಂಬುದು.

ಕ್ರಿಕೆಟ್ಟಿನ ಮಾತನ್ನು ಇಲ್ಲಿಗೇ ಮುಗಿಸಿಬಿಡೋಣ. ಅರ್ಧ ಗಂಟೆ ಆಟ ನೋಡಿದರೆ ಸಂಘ ಮುಳುಗುವುದಿಲ್ಲ. ಕೆಲಸದ ವೇಳೆಯಲ್ಲಿ ಕೆಲಸ ಮಾಡಿಸುವುದು ಕಾರ್ಯದರ್ಶಿಯವರ ಹೊಣೆ. ಕಂಪ್ಯೂಟರ್ ಇಲ್ಲದ ಕಾಲದಲ್ಲೂ ಟ್ರಾನ್ಸಿಸ್ಟರ್ ರೇಡಿಯೋ ಇತ್ತು, ಸ್ಕೋರು ಕೇಳುವವರು ಕೇಳುತ್ತಲೇ ಇದ್ದರು. ಅಪಾಯವಿರುವುದು ಆಟದಲ್ಲಲ್ಲ, ಆಟವನ್ನು ಪುಕ್ಕಟೆ ತೋರಿಸುತ್ತೇವೆನ್ನುವ ಜಾಲತಾಣ ‘ಇದನ್ನು ಇಳಿಸಿಕೊಳ್ಳಿ’ ಎಂದು ಮುಂದೊಡ್ಡುವ ಗುಂಡಿಯಲ್ಲಿ.

ಎರಡು ಸಹಕಾರಿ ಪಾಠಗಳು

ದೊಡ್ಡವರ ಮನೆಯ ಕಳ್ಳತನದ ಸುದ್ದಿ ನಮಗೇಕೆ ಎನ್ನುವವರಿದ್ದಾರೆ. ಆದರೆ ಈ ಎರಡು ಸುದ್ದಿಗಳು ಸಹಕಾರಿ ರಂಗದ್ದೇ. 2018ರ ಆಗಸ್ಟ್ 11 ಮತ್ತು 13ರಂದು ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನ ಗಣಕ ವ್ಯವಸ್ಥೆಯೊಳಗೆ ದುಷ್ಟ ತಂತ್ರಾಂಶ ನುಗ್ಗಿಸಿ, ಸುಮಾರು 94 ಕೋಟಿ ರೂಪಾಯಿ ದೋಚಲಾಯಿತು. ಅದರ ಬಹುಭಾಗವನ್ನು 28 ದೇಶಗಳ ಎಟಿಎಂಗಳಿಂದ ತೆಗೆಯಲಾಗಿತ್ತು. ಎರಡನೆಯದು 2024ರ ಜುಲೈ ಕೊನೆಯದು. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಾಂಶ ಒದಗಿಸುವ ಸಿ-ಎಡ್ಜ್ ಎಂಬ ಕಂಪನಿಯ ಮೇಲೆ ಒತ್ತೆಹಣದ ದಾಳಿ ನಡೆದಾಗ, ಸೋಂಕು ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮವು ಅದರ ಸಂಪರ್ಕವನ್ನೇ ಕಡಿದುಹಾಕಿತು. ಸುಮಾರು 300 ಚಿಕ್ಕ ಬ್ಯಾಂಕುಗಳ ಗ್ರಾಹಕರಿಗೆ ಆ ಹೊತ್ತು ಯುಪಿಐ ಇಲ್ಲ, ಎಟಿಎಂ ಇಲ್ಲ. ಬೀಗ ಒಡೆದದ್ದು ಒಂದು ಮನೆಯಲ್ಲಾದರೂ ಬಾಗಿಲು ಹಾಕಿಕೊಳ್ಳಬೇಕಾದದ್ದು ಇಡೀ ಕೇರಿ.

ಈ ಎರಡಕ್ಕೂ ಯಾವುದೋ ಹಳ್ಳಿಯ ಗುಮಾಸ್ತ ಕಾರಣನೆಂದು ನಾವು ಹೇಳುತ್ತಿಲ್ಲ. ಹೇಳುವುದಿಷ್ಟೇ: ಸಹಕಾರಿ ಹಣ ಚಿಕ್ಕದು, ಅದರ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ ಎಂಬ ನೆಮ್ಮದಿಗೆ ಆಧಾರವಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಬೇಕು, ಏಕೆಂದರೆ ಬೇಲಿ ಹಾಕುವ ಉತ್ಸಾಹದಲ್ಲಿ ಹಲವರು ಇದನ್ನು ಮರೆಯುತ್ತಾರೆ. 2017ರ ಮೇ 12ರಂದು ‘ವಾನಾಕ್ರೈ’ ಎಂಬ ಹುಳು 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳಿಗೆ ಹತ್ತಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಯಾರೂ ಯಾವ ಗುಂಡಿಯನ್ನೂ ಒತ್ತದಿದ್ದರೂ ಅದು ಯಂತ್ರದಿಂದ ಯಂತ್ರಕ್ಕೆ ದಾಟುತ್ತಿತ್ತು. ಅದಕ್ಕೆ ಮದ್ದನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚ್‌ನಲ್ಲಿ, ಬಿಡುಗಡೆ ಮಾಡಿತ್ತು. ಹಾಕಿಕೊಂಡವರು ಉಳಿದರು. ಕೊಳೆ ರೋಗಕ್ಕೆ ಮಳೆ ಹಿಡಿಯುವ ಮೊದಲೇ ಬೋರ್ಡೋ ಹೊಡೆದವರ ಕತೆಯಂತೆಯೇ. ಆದ್ದರಿಂದ ಬೇಲಿ ಹಾಕುವಾಗ ಈ ಮದ್ದು ಬರುವ ದಾರಿಯನ್ನೂ ಮುಚ್ಚಿಬಿಡಬಾರದು. ಎಲ್ಲವನ್ನೂ ಬಂದ್ ಮಾಡಿಸಿ ಬೀಗಿದ ಕಚೇರಿಯಲ್ಲಿ ಎರಡು ವರ್ಷದಿಂದ ಒಂದು ಅಪ್‌ಡೇಟ್ ಆಗಿಲ್ಲದ್ದನ್ನು ನಾವು ಕಂಡಿದ್ದೇವೆ.

ಒಬ್ಬ ಹುಡುಗಿಯ ಕತೆ

ನೆರೆಯ ತಾಲ್ಲೂಕಿನ ಒಂದು ಸಂಘದಲ್ಲಿ ನಡೆದದ್ದನ್ನು ಹೆಸರು ಬಿಟ್ಟು ಹೇಳುತ್ತೇವೆ. ಅಲ್ಲಿ ಕಂಪ್ಯೂಟರಿಗೆ ಒಂದೇ ಹೆಸರು, ಒಂದೇ ಗುಪ್ತಪದ. ಸಂಘದ ಹೆಸರಿನ ಮುಂದೆ ಒಂದು ಎರಡು ಮೂರು ಬರೆದರೆ ಆಯಿತು. ಕಾರ್ಯದರ್ಶಿಗೆ, ಲೆಕ್ಕಿಗರಿಗೆ, ಗೋದಾಮಿನವರಿಗೆ, ದಿನಗೂಲಿಯ ಮೇಲೆ ರಶೀದಿ ಹೊಡೆಯಲು ಬಂದಿದ್ದ ಹುಡುಗಿಗೆ, ಎಲ್ಲರಿಗೂ ಅದೇ. ಒಂದು ದಿನ ಬ್ಯಾಂಕಿನಿಂದ ಎಂದು ಹೇಳಿಕೊಂಡು ಯಾರೋ ಫೋನ್ ಮಾಡಿದರಂತೆ. ಅವರು ಹೇಳಿದಂತೆ ಯಾರೋ ಒಂದು ತಂತ್ರಾಂಶ ಇಳಿಸಿಕೊಂಡರಂತೆ. ಅದು ದೂರದಲ್ಲಿ ಕುಳಿತವರಿಗೆ ನಮ್ಮ ಪರದೆಯನ್ನು ತೋರಿಸುವಂಥದು. ಸಂಜೆಯೊಳಗೆ ಸಂಘದ ಖಾತೆಯಿಂದ ಹಣ ಹೋಯಿತು.

ಫೋನ್ ತೆಗೆದುಕೊಂಡವರು ಯಾರು, ಗುಂಡಿ ಒತ್ತಿದವರು ಯಾರು ಎಂಬುದಕ್ಕೆ ಉತ್ತರವಿಲ್ಲ. ಕಂಪ್ಯೂಟರಿನ ದಾಖಲೆಯಲ್ಲಿ ಇರುವುದು ಒಂದೇ ಹೆಸರು, ಸಂಘದ್ದು. ಇಂಥ ಸಂದರ್ಭದಲ್ಲಿ ಬೆರಳು ಯಾರ ಕಡೆಗೆ ತಿರುಗುತ್ತದೆಂದು ಹೇಳಬೇಕಾಗಿಲ್ಲ. ಖಾಯಂ ಆಗದವಳು, ವಯಸ್ಸಿನಲ್ಲಿ ಚಿಕ್ಕವಳು, ‘ಸದಾ ಕಂಪ್ಯೂಟರಿನ ಮುಂದೆಯೇ ಇರುತ್ತಿದ್ದವಳು’. ಅವಳನ್ನು ಮನೆಗೆ ಕಳಿಸಿ ವಿಚಾರಣೆ ಶುರುವಾಯಿತು. ಆ ಮಧ್ಯಾಹ್ನ ಅವಳು ಅರ್ಧ ದಿನ ರಜೆ ಹಾಕಿದ್ದಳೆಂಬುದನ್ನು ಕೊನೆಗೆ ತೋರಿಸಿದ್ದು ಕೈಬರಹದ ಹಾಜರಿ ಪುಸ್ತಕ. ಆ ಹೊತ್ತಿಗೆ ನಾಲ್ಕು ತಿಂಗಳು ಕಳೆದಿತ್ತು. ವಾಪಸು ಬರಬಹುದೆಂದು ಸಂಘದಿಂದ ಕಾಗದ ಹೋಯಿತು. ಅವಳು ಬರಲಿಲ್ಲ. ಪೇಟೆಯ ಔಷಧದ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಾಳೆಂದು ಕೇಳಿದ್ದೇವೆ.

ಪ್ರತಿಯೊಬ್ಬರಿಗೂ ಬೇರೆ ಬೇರೆ ಹೆಸರು, ಬೇರೆ ಗುಪ್ತಪದ ಇದ್ದಿದ್ದರೆ ಆ ಪ್ರಶ್ನೆಗೆ ಒಂದೇ ದಿನದಲ್ಲಿ ಉತ್ತರ ಸಿಗುತ್ತಿತ್ತು. ಹೊಸ ತಂತ್ರಾಂಶ ಇಳಿಸುವ ಅಧಿಕಾರ ಆ ಮೇಜಿನಲ್ಲಿ ಕುಳಿತವರಿಗೆ ಇಲ್ಲದಿದ್ದರೆ ಆ ಪ್ರಶ್ನೆಯೇ ಹುಟ್ಟದಿರುವ ಸಂಭವವಿತ್ತು.

ಬೇಲಿ ಕಟ್ಟುವ ಬಗೆ

ಕೆಲಸ ಆರಂಭವಾಗಬೇಕಾದದ್ದು ಇಲ್ಲಿಂದಲೇ. ವಿಂಡೋಸ್ ಕಂಪ್ಯೂಟರಿನಲ್ಲಿ ಎರಡು ಬಗೆಯ ಖಾತೆಗಳಿವೆ. ‘ಅಡ್ಮಿನಿಸ್ಟ್ರೇಟರ್’ ಖಾತೆ ಯಜಮಾನನದು, ಇಡೀ ಯಂತ್ರಕ್ಕೆ ಅನ್ವಯಿಸುವಂತೆ ಏನನ್ನು ಬೇಕಾದರೂ ಸೇರಿಸಬಹುದು, ಅಳಿಸಬಹುದು. ‘ಸ್ಟ್ಯಾಂಡರ್ಡ್’ ಖಾತೆ ಕೆಲಸಗಾರನದು, ಇದ್ದುದನ್ನು ಬಳಸಬಹುದು. ನಮ್ಮ ಸಂಘಗಳಲ್ಲಿ ಎಲ್ಲರೂ ಯಜಮಾನರೇ. ಹೊಸ ಕಂಪ್ಯೂಟರ್ ತಂದ ಅಂಗಡಿಯವನು ಒಂದು ಖಾತೆ ಮಾಡಿಕೊಟ್ಟು ಹೋಗಿರುತ್ತಾನೆ, ಹತ್ತು ವರ್ಷ ಅದೇ ನಡೆಯುತ್ತದೆ. ಇದನ್ನು ಬದಲಿಸಲು ಒಂದು ಪೈಸೆ ಖರ್ಚಿಲ್ಲ. ಕಾರ್ಯದರ್ಶಿಯವರೂ ಸೇರಿ ಎಲ್ಲರಿಗೂ ಒಂದೊಂದು ಸಾಮಾನ್ಯ ಖಾತೆ ಮಾಡಿ, ಯಜಮಾನ ಖಾತೆಯ ಗುಪ್ತಪದವನ್ನು ಲಕೋಟೆಯಲ್ಲಿಟ್ಟು ಅರಗು ಹಾಕಿ, ಮೇಲೆ ಅಧ್ಯಕ್ಷರೂ ಕಾರ್ಯದರ್ಶಿಯೂ ಸಹಿ ಮಾಡಿ ತಿಜೋರಿಯಲ್ಲಿಡಬೇಕು. ತಿಜೋರಿಯ ಎರಡನೆಯ ಬೀಗದ ಕೈಯನ್ನು ಇಡುವ ಕ್ರಮ ನಮಗೆ ಹೊಸತಲ್ಲವಲ್ಲ.

ಇನ್ನು ಜಾಲತಾಣಗಳ ಮಾತು. ಕೆಟ್ಟ ತಾಣಗಳ ಪಟ್ಟಿ ಮಾಡಿ ಒಂದೊಂದನ್ನೇ ಮುಚ್ಚುತ್ತೇವೆಂದು ಹೊರಡುವವರಿದ್ದಾರೆ. ಅದು ಜೂನ್ ತಿಂಗಳಲ್ಲಿ ತೋಟದ ಕಳೆ ಕಿತ್ತ ಹಾಗೆ, ಹಿಂದೆ ತಿರುಗುವಷ್ಟರಲ್ಲಿ ಮತ್ತೆ ಎದ್ದಿರುತ್ತದೆ. ಲೆಕ್ಕದ ಕಂಪ್ಯೂಟರಿಗೆ ಸರಿಯಾದದ್ದು ಇದರ ತಿರುಗುಮುರುಗು: ಎಲ್ಲವನ್ನೂ ಮುಚ್ಚಿ, ಬೇಕಾದದ್ದನ್ನು ಮಾತ್ರ ತೆರೆಯುವುದು. ನಮ್ಮ ಕಚೇರಿಗೆ ನಿಜವಾಗಿ ಬೇಕಾದ ತಾಣಗಳನ್ನು ಎಣಿಸಿದಾಗ ಇಪ್ಪತ್ತು ದಾಟಲಿಲ್ಲ. ಗೂಗಲ್ ಕ್ರೋಮ್, ಮೈಕ್ರೋಸಾಫ್ಟ್ ಎಡ್ಜ್ ಎರಡರಲ್ಲೂ ಇದಕ್ಕೆ ವ್ಯವಸ್ಥೆಯಿದೆ. ‘ಯುಆರ್‌ಎಲ್ ಬ್ಲಾಕ್‌ಲಿಸ್ಟ್’ ಎಂಬಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿದರೆ ಎಲ್ಲವೂ ಬಂದ್. ‘ಯುಆರ್‌ಎಲ್ ಅಲೋಲಿಸ್ಟ್’ ಎಂಬಲ್ಲಿ ಬರೆದವು ಮಾತ್ರ ತೆರೆಯುತ್ತವೆ. ತಂತ್ರಜ್ಞರು ಒಂದು ಬೆಳಿಗ್ಗೆ ಕುಳಿತರೆ ಮುಗಿಯುವ ಕೆಲಸ. ಅದೇ ಹೊತ್ತಿಗೆ, ಬ್ರೌಸರ್ ಗುಪ್ತಪದಗಳನ್ನು ನೆನಪಿಟ್ಟುಕೊಳ್ಳುವ ಸೌಲಭ್ಯವನ್ನೂ ಆರಿಸಿ ಹೋಗಲು ಹೇಳಬೇಕು. ಹಂಚಿಕೊಂಡು ಬಳಸುವ ಯಂತ್ರದಲ್ಲಿ ಅದು ಬಾಗಿಲಿಗೇ ಬೀಗದ ಕೈ ನೇತುಹಾಕಿದಂತೆ.

ಪಟ್ಟಿ ಮಾಡುವಾಗ ಒಂದು ಸೌಕರ್ಯವಿದೆ. ಸರ್ಕಾರಿ ತಾಣಗಳ ವಿಳಾಸ ‘ಗವ್ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಎಂದು ಮುಗಿಯುತ್ತದೆ. ಇವನ್ನು ಒಟ್ಟಾಗಿ ತೆರೆದುಬಿಡಬಹುದು. ಬ್ಯಾಂಕುಗಳ ವಿಷಯದಲ್ಲೂ ಈಗ ಅನುಕೂಲವಾಗಿದೆ. ನಕಲಿ ಬ್ಯಾಂಕು ತಾಣಗಳ ಹಾವಳಿ ತಡೆಯಲೆಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಆದೇಶ ಹೊರಡಿಸಿ, ಬ್ಯಾಂಕುಗಳೆಲ್ಲ ಅದೇ ವರ್ಷದ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಹೋಗಬೇಕೆಂದು ಹೇಳಿತು. ಈ ಬಾಲವಿರುವ ವಿಳಾಸ ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ. ಸದಸ್ಯರು ಮನೆಯ ಫೋನಿನಲ್ಲಿ ಬ್ಯಾಂಕು ತೆರೆಯುವಾಗಲೂ ವಿಳಾಸದ ಬಾಲ ನೋಡುವುದು ಒಳ್ಳೆಯದು. ತಲೆ ಯಾರು ಬೇಕಾದರೂ ಹಾಕಿಕೊಳ್ಳಬಹುದು.

ಮೊದಲ ಎರಡು ವಾರ ರಗಳೆ ತಪ್ಪಿದ್ದಲ್ಲ. ಒಂದು ತಾಣ ತನ್ನ ಕೆಲಸಕ್ಕೆ ಇನ್ನು ಮೂರು ತಾಣಗಳನ್ನು ಕರೆಯುತ್ತದೆ. ಹಣ ಪಾವತಿಯ ಪುಟ ಬೇರೆ, ಚಿತ್ರದ ಅಕ್ಷರ ಓದಿ ಬರೆಯಿರೆಂಬ ಪುಟ ಬೇರೆ. ಪಹಣಿ ತೆರೆಯುತ್ತದೆ, ಶುಲ್ಕ ಕಟ್ಟಲು ಹೋದರೆ ನಿಲ್ಲುತ್ತದೆ. ಆದ್ದರಿಂದ ಈ ಕೆಲಸವನ್ನು ಸುಗ್ಗಿಯಲ್ಲಿ ಮಾಡದೆ, ಕಚೇರಿಯಲ್ಲಿ ನೊಣ ಹೊಡೆಯುವ ಆಷಾಢದಲ್ಲಿ ಮಾಡಬೇಕು. ಸಿಡಿಲಿಗೆ ಮೋಡೆಮ್ ಸುಡುವುದೂ ಅದಕ್ಕೆ ಸ್ವಲ್ಪ ಮುಂಚೆ ಮುಗಿದಿರುತ್ತದೆ.

ರೂಟರಿನಲ್ಲೇ ಒಂದು ಜಾಲರಿ ಹಾಕುವ ಸುಲಭ ಉಪಾಯವೂ ಇದೆ. ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆಯನ್ನು ಬದಲಿಸಿ, ಕ್ಲೌಡ್‌ಫ್ಲೇರ್ ಕಂಪನಿ 2020ರಿಂದ ಪುಕ್ಕಟೆ ಕೊಡುತ್ತಿರುವ 1.1.1.3 ಎಂಬ ಸಂಖ್ಯೆಯನ್ನು ತುಂಬಿದರೆ, ಗೊತ್ತಿರುವ ದುಷ್ಟ ತಾಣಗಳೂ ಅಶ್ಲೀಲ ತಾಣಗಳೂ ತೆರೆಯುವುದಿಲ್ಲ. ವೈಫೈಗೆ ಸೇರಿದ ಫೋನುಗಳಿಗೂ ಇದು ಅನ್ವಯ. ತಿಳಿದವರು ದಾಟಬಲ್ಲರು, ಆದರೂ ಇರಲಿ. ಆದರೆ ರೂಟರಿನ ಸ್ವಂತ ಗುಪ್ತಪದ ಕಾರ್ಖಾನೆಯಿಂದ ಬಂದದ್ದೇ ಇದ್ದರೆ ಅದನ್ನು ಬದಲಿಸದೆ ಇದನ್ನು ಮಾಡುವುದು ವ್ಯರ್ಥ.

ಬೇಲಿಯ ಬುಡದ ತೂತುಗಳು

ಪೆನ್‌ಡ್ರೈವ್ ದೊಡ್ಡ ತೂತು. ಫೋನಿನ ಹಾಟ್‌ಸ್ಪಾಟ್ ಅದಕ್ಕಿಂತ ದೊಡ್ಡದು. ಕೆಲಸದ ತಾಣವೊಂದು ತೆರೆಯದೆ, ಹೊರಗೆ ಸದಸ್ಯರು ಗಲಾಟೆ ಮಾಡುತ್ತಿದ್ದರೆ, ಗುಮಾಸ್ತ ತನ್ನ ಫೋನಿನ ಇಂಟರ್ನೆಟ್ಟನ್ನು ಕಂಪ್ಯೂಟರಿಗೆ ಕೊಟ್ಟುಬಿಡುತ್ತಾನೆ. ಆಗ ರೂಟರಿನ ಜಾಲರಿ ಕೆಲಸಕ್ಕೆ ಬಾರದು. ಅವನನ್ನು ಬೈದು ಫಲವಿಲ್ಲ, ಅವನು ಸಂಘದ ಕೆಲಸವನ್ನೇ ಮಾಡುತ್ತಿದ್ದಾನೆ. ಆಡಳಿತಗಾರ ಅಧಿಕಾರವಿಲ್ಲದೆಯೂ ಕೆಲವು ಬ್ರೌಸರುಗಳು ಬಳಕೆದಾರನ ಸ್ವಂತ ಕೋಶದಲ್ಲಿ ಬಂದು ಕೂರುತ್ತವೆ, ಅದೂ ಒಂದು ದಾರಿ. ಬೇಲಿ ಅತಿಯಾದಷ್ಟೂ ತೂತು ಹೆಚ್ಚು. ದಾರಿ ಇಲ್ಲದ ಬೇಲಿಯನ್ನು ದನವೂ ಮುರಿಯುತ್ತದೆ, ಒಡೆಯನೂ ಮುರಿಯುತ್ತಾನೆ. ನಮ್ಮ ಹಿರಿಯರು ಬೇಲಿ ಹಾಕಿದಲ್ಲೆಲ್ಲ ಉಣುಗೋಲು ಇಟ್ಟದ್ದು ಅದಕ್ಕೇ.

ಕಂಪ್ಯೂಟರಿನ ಉಣುಗೋಲೆಂದರೆ ಒಂದು ನೋಟ್ ಪುಸ್ತಕ. ಯಾವ ತಾಣ ತೆರೆಯಲಿಲ್ಲ, ಯಾವ ಕೆಲಸಕ್ಕೆ ಬೇಕಿತ್ತು, ಯಾರು ಕೇಳಿದರು ಎಂದು ಅದರಲ್ಲಿ ಬರೆದಿಡುವುದು. ಕಾರ್ಯದರ್ಶಿಯವರು ಅದೇ ದಿನ ನೋಡಿ, ನ್ಯಾಯವಾದದ್ದಾದರೆ ಪಟ್ಟಿಗೆ ಸೇರಿಸುವುದು. ‘ಮುಂದಿನ ಸಭೆಯಲ್ಲಿ ಮಂಡಿಸಲಾಗುವುದು’ ಎಂದರೆ ಹಾಟ್‌ಸ್ಪಾಟ್ ಶುರುವಾಯಿತೆಂದೇ ತಿಳಿಯಬೇಕು.

ಕಾರ್ಯದರ್ಶಿಗಳ ಡಿಜಿಟಲ್ ಸಹಿಯ ಕಡ್ಡಿಯ ಬಗ್ಗೆ ಒಂದು ಮಾತು. ಅದು ಬೆಳಗಿನಿಂದ ಸಂಜೆಯವರೆಗೆ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇರುತ್ತದೆ, ಅದರ ಪಿನ್ ಸಂಖ್ಯೆ ಮಾನಿಟರಿನ ಅಂಚಿಗೆ ಅಂಟಿಸಿರುತ್ತದೆ. ಸಹಿ ಮಾಡಿದ ಖಾಲಿ ಚೆಕ್ಕನ್ನು ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋಗುವವರು ನಮ್ಮಲ್ಲಿ ಯಾರಾದರೂ ಇದ್ದಾರೆಯೇ? ಕೆಲಸ ಮುಗಿದೊಡನೆ ಕಡ್ಡಿ ತಿಜೋರಿಗೆ ಹೋಗಬೇಕು.

ಕನ್ನಡ ಟೈಪಿಂಗ್ ಕೂಡ ಅನಿರೀಕ್ಷಿತ ತೂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಪುಕ್ಕಟೆಯಾಗಿ ಸಿಗುವಾಗಲೂ ನೋಟೀಸು ಹೊಡೆಯುವ ಅವಸರದಲ್ಲಿ ಯಾವುದೋ ಮೂಲೆಯ ತಾಣದಿಂದ ಅಕ್ಷರಗಳನ್ನು ಇಳಿಸುವವರಿದ್ದಾರೆ. ಬೇಕಾದ ಅಕ್ಷರಗಳನ್ನೆಲ್ಲ ತಂತ್ರಜ್ಞರಿಂದ ಒಮ್ಮೆಗೇ ಹಾಕಿಸಿಬಿಡಿ.

ಜಗಲಿಯ ಯಂತ್ರ

ಇಷ್ಟೆಲ್ಲ ಕಟ್ಟು ಹಾಕಿದ ಮೇಲೆ ದರ ನೋಡುವವರು, ಮಳೆ ನೋಡುವವರು, ಮಗಳ ಅರ್ಜಿ ತುಂಬುವವರು ಎಲ್ಲಿಗೆ ಹೋಗಬೇಕು? ನಮ್ಮ ಉತ್ತರ: ಬೇರೆ ಯಂತ್ರಕ್ಕೆ. ಬಹುಪಾಲು ಸಂಘಗಳಲ್ಲಿ ಗೋಣಿ ಹೊದಿಸಿಟ್ಟ ಹಳೆಯ ಕಂಪ್ಯೂಟರೊಂದು ಇದ್ದೇ ಇದೆ. ಅದರಲ್ಲಿ ವಿಂಡೋಸ್ 10 ಇದ್ದರೆ, ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಹೆಚ್ಚುವರಿ ಅವಧಿಗೆ ನೋಂದಾಯಿಸಬೇಕು, ಇಲ್ಲವೇ ಪುಕ್ಕಟೆಯ ಲಿನಕ್ಸ್ ಹಾಕಿಸಬೇಕು. ರೂಟರಿನ ‘ಗೆಸ್ಟ್’ ಸಂಪರ್ಕಕ್ಕೆ ಅದನ್ನು ಸೇರಿಸಿದರೆ ಒಳಗಿನ ಲೆಕ್ಕದ ಯಂತ್ರಕ್ಕೂ ಇದಕ್ಕೂ ಸಂಬಂಧವಿರುವುದಿಲ್ಲ. ಇದಕ್ಕೇನಾದರೂ ಆದರೆ ಒರೆಸಿ ಹೊಸದಾಗಿ ಹಾಕಿದರಾಯಿತು, ಯಾರ ಠೇವಣಿಯೂ ಅದರೊಳಗಿಲ್ಲ.

ಅದನ್ನು ಇಡುವ ಜಾಗವೂ ಮುಖ್ಯ. ಸೈಬರ್ ಕೆಫೆಗಳಿಗಾಗಿ ಕೇಂದ್ರ ಸರ್ಕಾರ 2011ರಲ್ಲಿ ಮಾಡಿದ ನಿಯಮಗಳಲ್ಲಿ ತಡಿಕೆಗಳು ನಾಲ್ಕೂವರೆ ಅಡಿಗಿಂತ ಎತ್ತರವಿರಬಾರದು, ತಡಿಕೆಯಿಲ್ಲದ ಕಡೆ ಪರದೆ ಎಲ್ಲರೂ ಓಡಾಡುವ ಜಾಗದ ಕಡೆಗೆ ಮುಖಮಾಡಿರಬೇಕು ಎಂದಿದೆ. ಆ ನಿಯಮ ನಮ್ಮ ಕಚೇರಿಗೆ ಅನ್ವಯಿಸದು, ಆದರೂ ಅದರ ಹಿಂದಿನ ತಿಳಿವಳಿಕೆ ಒಳ್ಳೆಯದು. ಜಗಲಿಯಲ್ಲಿ, ನಾಲ್ಕು ಜನರ ಕಣ್ಣೆದುರು ಇರುವ ಪರದೆಗೆ ಹೆಚ್ಚಿನ ತಡೆ ಬೇಕಾಗುವುದಿಲ್ಲ. ಒಳಗಿನ ಲೆಕ್ಕದ ಯಂತ್ರ ಮಾತ್ರ ಇದಕ್ಕೆ ವಿರುದ್ಧವಾಗಿ ಗೋಡೆಗೆ ಬೆನ್ನು ಕೊಟ್ಟು ಕುಳಿತಿರಲಿ, ಸದಸ್ಯರ ಬಾಕಿ ಬೀದಿಗೆ ಕಾಣುವುದು ಬೇಡ.

ನೌಕರರಿಗೂ ಮಧ್ಯಾಹ್ನದ ಬಿಡುವಿನಲ್ಲಿ ಈ ಯಂತ್ರ ಮುಕ್ತವಾಗಿರಲಿ ಎಂಬುದು ನಮ್ಮ ಅಭಿಮತ. ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ದಿನ ಮಗನ ಅಂಕ ನೋಡಲು ಒಬ್ಬ ಗೋದಾಮು ಕಾವಲುಗಾರನು ಪೇಟೆಯ ಸೈಬರ್ ಅಂಗಡಿಗೆ ಹೋಗಿಬರಬೇಕೆನ್ನುವ ಸಂಘ ಯಾವ ಸಹಕಾರ ತತ್ತ್ವವನ್ನು ಪಾಲಿಸುತ್ತಿದೆಯೋ ನಮಗೆ ತಿಳಿಯದು.

ಕಾವಲು ಕಾಯುವುದರ ಬಗ್ಗೆ

ಇಷ್ಟೆಲ್ಲ ಏಕೆ, ನೌಕರರ ಪರದೆಯ ಚಿತ್ರವನ್ನು ಐದು ನಿಮಿಷಕ್ಕೊಮ್ಮೆ ಹಿಡಿದು ಅಧ್ಯಕ್ಷರ ಫೋನಿಗೆ ಕಳಿಸುವ ತಂತ್ರಾಂಶ ಹಾಕಿಸಿದರೆ ಮುಗಿಯಿತಲ್ಲ ಎಂದು ಕೆಲವು ನಿರ್ದೇಶಕರು ಕೇಳಿದ್ದಾರೆ. ಇದನ್ನು ನಾವು ಒಪ್ಪುವುದಿಲ್ಲ. ಮೊದಲನೆಯದಾಗಿ, ಹಣ ಹೋದ ಮೇಲೆ ಬರುವ ಚಿತ್ರದಿಂದ ಹಣ ಉಳಿಯುವುದಿಲ್ಲ. ಬಾಗಿಲಿಗೆ ಅಗಳಿ ಹಾಕದೆ ಒಳಗಿನವರನ್ನು ನೋಡುತ್ತ ಕೂರುವುದು ಕಾವಲಲ್ಲ. ಎರಡನೆಯದಾಗಿ, ನೌಕರನೂ ಮನುಷ್ಯ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅದೇ ವರ್ಷ ಸೆಪ್ಟೆಂಬರ್ 5ರಂದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ರುಮೇನಿಯಾದ ಬರ್ಬುಲೆಸ್ಕು ಎಂಬ ನೌಕರನ ಮೊಕದ್ದಮೆ ತೀರ್ಮಾನವಾಯಿತು. ಕಚೇರಿಯ ಕೆಲಸಕ್ಕೆಂದು ತೆರೆದಿದ್ದ ಯಾಹೂ ಮೆಸೆಂಜರಿನಲ್ಲಿ ಆತ ತನ್ನ ಸಹೋದರನ, ಮದುವೆಯಾಗಬೇಕಿದ್ದ ಹುಡುಗಿಯ ಜತೆ ಮಾತಾಡಿದ್ದನ್ನು ಕಂಪನಿ ಗುಟ್ಟಾಗಿ ಓದಿ, ಅಚ್ಚು ಹಾಕಿಸಿ, ಕೆಲಸದಿಂದ ತೆಗೆದಿತ್ತು. ಆತನ ಖಾಸಗಿ ಬದುಕಿಗೆ ರಕ್ಷಣೆ ಸಿಗಲಿಲ್ಲವೆಂದು 17 ನ್ಯಾಯಾಧೀಶರಲ್ಲಿ 11 ಮಂದಿ ಹೇಳಿದರು. ಗಮನಿಸಬೇಕಾದದ್ದು, ಕಚೇರಿ ತನ್ನ ಯಂತ್ರಕ್ಕೆ ಕಟ್ಟು ಹಾಕಬಾರದೆಂದು ಅವರು ಹೇಳಲಿಲ್ಲ. ಏನನ್ನು, ಎಷ್ಟರಮಟ್ಟಿಗೆ, ಯಾವ ಕಾರಣಕ್ಕೆ ನೋಡುತ್ತೇವೆಂದು ಮೊದಲೇ ಹೇಳಿರಬೇಕೆಂದರು. ಆ ತೀರ್ಪು ನಮ್ಮ ದೇಶಕ್ಕೆ ಅನ್ವಯಿಸದಿದ್ದರೂ ಮಾತು ಯಾವ ದೇಶದ ಕಚೇರಿಗೂ ಸಲ್ಲುವಂಥದು.

ಹೀಗಾಗಿ ನಿಯಮವನ್ನು ಅರ್ಧ ಪುಟದಲ್ಲಿ, ಕನ್ನಡದಲ್ಲಿ, ಎಲ್ಲರಿಗೂ ಅರ್ಥವಾಗುವಂತೆ ಬರೆದು, ನೌಕರರನ್ನು ಕೂರಿಸಿಕೊಂಡು ಓದಿ, ಅವರ ಆಕ್ಷೇಪಣೆ ಕೇಳಿ, ಆಮೇಲೆ ಸಹಿ ಮಾಡಿಸಬೇಕು. ಯಾವ ಖಾತೆಯಿಂದ ಯಾವ ತಾಣಕ್ಕೆ ಹೋದರೆಂಬ ದಾಖಲೆ ಉಳಿಯುತ್ತದೆ ಎಂದು ಅದರಲ್ಲೇ ತಿಳಿಸಬೇಕು. ಜತೆಗೆ, ಏನಾದರೂ ಅನುಮಾನ ಬಂದ ಕೂಡಲೇ ತಾರು ಕಿತ್ತು ಕಾರ್ಯದರ್ಶಿಗೆ ಹೇಳಿದವರಿಗೆ ಶಿಕ್ಷೆಯಿಲ್ಲ ಎಂಬ ಮಾತೂ ಇರಬೇಕು. ಹೆದರಿದ ನೌಕರ ಮುಚ್ಚಿಡುತ್ತಾನೆ, ಮುಚ್ಚಿಟ್ಟ ಗಂಟೆಗಳಲ್ಲೇ ಹಣ ದಾಟಿಹೋಗುತ್ತದೆ. ಹಣ ಹೋದದ್ದು ತಿಳಿದ ಕ್ಷಣ 1930ಕ್ಕೆ ಫೋನ್ ಮಾಡಬೇಕು, ಬ್ಯಾಂಕಿಗೆ ತಿಳಿಸಬೇಕು. 2022ರ ಏಪ್ರಿಲ್ 28ರ ನಿರ್ದೇಶನದಂತೆ ಇಂಥ ಘಟನೆಗಳನ್ನು ಆರು ಗಂಟೆಯೊಳಗೆ ಸರ್ಟ್-ಇನ್ ಸಂಸ್ಥೆಗೂ ವರದಿ ಮಾಡಬೇಕು. ಈ ಮೂರನ್ನೂ ದೂರವಾಣಿಯ ಪಕ್ಕದ ಗೋಡೆಗೆ ಅಂಟಿಸಿಡಿ. ಗುಪ್ತಪದ ಅಂಟಿಸುತ್ತಿದ್ದ ಜಾಗ ಹೇಗೂ ಖಾಲಿಯಾಗಿರುತ್ತದೆ.

ನಿರ್ದೇಶಕರಿಗೂ

ಕೊನೆಯದಾಗಿ, ಸ್ವಲ್ಪ ಇರಿಸುಮುರಿಸಿನ ಮಾತು. ಸಂಘದ ಕಂಪ್ಯೂಟರಿಗೆ ಹೊರಗಿನ ಪೆನ್‌ಡ್ರೈವ್ ತರುವವರು ಹೆಚ್ಚಾಗಿ ನೌಕರರಲ್ಲ. “ತಂಗೀ, ಇದರಲ್ಲಿ ಮೊಮ್ಮಗನ ನಾಮಕರಣದ ಕಾಗದ ಇದೆ, ಒಂದು ಪ್ರಿಂಟ್ ತೆಗೆದುಕೊಡು” ಎಂದು ಮೇಜಿನ ಮೇಲೆ ಕಡ್ಡಿ ಇಡುವವರು ನಿರ್ದೇಶಕರು, ಇಲ್ಲವೇ ಸಂಘದ ದೊಡ್ಡ ಸದಸ್ಯರು. ಸಂಬಳ ಹೆಚ್ಚಿಸುವ ಸಭೆಯಲ್ಲಿ ಕೂರುವವರಿಗೆ ಆ ಹುಡುಗಿ ಹೇಗೆ ಇಲ್ಲವೆಂದಾಳು? ಬೇಲಿ ಇದ್ದರೆ ಅವಳಿಗೊಂದು ಮಾತಿರುತ್ತದೆ: “ಆಗೋದಿಲ್ಲ ಗೌಡ್ರೇ, ಮಿಷನ್ನೇ ಬಿಡೋದಿಲ್ಲ. ಜಗಲೀದರಲ್ಲಿ ತೆಗೆದುಕೊಡ್ತೀನಿ ಬನ್ನಿ.” ಯಾರ ಮನಸ್ಸೂ ನೋಯುವುದಿಲ್ಲ, ಕಾಗದವೂ ಆಗುತ್ತದೆ. ಆದರೆ ಅಧ್ಯಕ್ಷರಿಗೆ ಒಂದು ನಿಯಮ, ಗುಮಾಸ್ತೆಗೆ ಒಂದು ನಿಯಮ ಎಂದಾದರೆ ಈ ಮಾತು ಅವಳ ಬಾಯಲ್ಲಿ ನಿಲ್ಲದು. ಆದುದರಿಂದ ಅರ್ಧ ಪುಟದ ಆ ನಿಯಮಕ್ಕೆ ಮೊದಲ ಸಹಿ ಅಧ್ಯಕ್ಷರದ್ದೇ ಆಗಬೇಕೆಂದು ನಾವು ಸೂಚಿಸಿದ್ದೇವೆ, ಆಡಳಿತ ಮಂಡಳಿ ಒಪ್ಪಿದೆ.

ನಮ್ಮ ಸಂಘದಲ್ಲಿ ತೆರೆದಿಡುವ ತಾಣಗಳ ಪಟ್ಟಿಯ ಕರಡನ್ನು ಕಚೇರಿಯ ನೋಟೀಸು ಹಲಗೆಗೆ ಹಾಕಲಾಗಿದೆ. ಬೆಳೆ ವಿಮೆ, ಪಹಣಿ, ಜಿಎಸ್‌ಟಿ, ಬ್ಯಾಂಕು, ಕಾಫಿ ಮಂಡಳಿ, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ವರದಿ ಅದರಲ್ಲಿವೆ. ಮತ್ತೇನಾದರೂ ಸಂಘದ ಕೆಲಸಕ್ಕೆ ಬೇಕೆಂದು ಕಂಡ ಸದಸ್ಯರು ಮೂಟೆ ಇಳಿಸಲು ಬಂದಾಗ ಒಂದು ಚೀಟಿಯಲ್ಲಿ ಬರೆದು ಲೆಕ್ಕಿಗರ ಕೈಗೆ ಕೊಡಬಹುದು. ಉಣುಗೋಲಿನ ನೋಟ್ ಪುಸ್ತಕ ಕಂಪ್ಯೂಟರಿನ ಪಕ್ಕದ ಮೊಳೆಗೆ ನೇತುಹಾಕಿದೆ. ಪೆನ್ನನ್ನು ದಾರದಿಂದ ಕಟ್ಟಿದೆ, ದಯವಿಟ್ಟು ಬಿಚ್ಚಿಕೊಂಡು ಹೋಗಬೇಡಿ.